ವಿಜಯನಗರದ ಪತನವು ಒಂದು ದಿನದ ಮಾತೇ?

ಹೊಸಹಳ್ಳಿಯ ಮಗ್ಗುಲಲ್ಲಿರುವ ಬಡಾವಣೆಗೆ ವಿಜಯನಗರವೆಂಬ ಹೆಸರು ಬಂದು ಬಹುಕಾಲವಾಯಿತು. ಆ ಹೆಸರನ್ನು ನಿತ್ಯವೂ ಉಚ್ಚರಿಸುವ ವಿದ್ಯಾವಂತರನ್ನು, ಹಂಪೆಯ ಸಾಮ್ರಾಜ್ಯವು ಹೇಗೆ ಅಳಿಯಿತೆಂದು ಕೇಳಿದರೆ ಉತ್ತರವು ನಾಲಗೆಯ ತುದಿಯಲ್ಲಿಯೇ ಇರುತ್ತದೆ: 1565ನೆಯ ಜನವರಿ 23ರಂದು ನಾಲ್ವರು ಸುಲ್ತಾನರು ಒಂದುಗೂಡಿ ಬಂದರು, ರಾಮರಾಯನ ಪಕ್ಷದ ಇಬ್ಬರು ಮುಸಲ್ಮಾನ ಸರದಾರರು ದ್ರೋಹವೆಸಗಿದರು, ರಾಜ್ಯವು ಮುಳುಗಿತು. ಕೇಳುವುದಕ್ಕೆ ಇದು ಹಿತವಾದ ಉತ್ತರ; ದೋಷವೆಲ್ಲವೂ ಪರರ ಪಾಲಿಗೆ ಹೋಗುತ್ತದೆ. ಚರಿತ್ರೆಯು ಹೇಳುವುದು ಬೇರೆ.

ರಾಮರಾಯನು ಹತನಾದ ಮೇಲೆ ಅವನ ತಮ್ಮ ತಿರುಮಲನು ಭಂಡಾರವನ್ನೂ ಸದಾಶಿವರಾಯನನ್ನೂ ಪೆನುಗೊಂಡೆಗೆ ಸಾಗಿಸಿದನು. 1586ರಲ್ಲಿ ಪಟ್ಟವೇರಿದ ವೆಂಕಟಪತಿರಾಯನು ಗೋಲ್ಕೊಂಡೆಯ ಸೇನೆಯನ್ನು ಹಿಮ್ಮೆಟ್ಟಿಸಿ ಇಪ್ಪತ್ತೆಂಟು ವರ್ಷ ಆಳಿದನು. ಒಂದೇ ದಿನದಲ್ಲಿ ಸತ್ತ ರಾಜ್ಯಕ್ಕೆ ಇದು ಹೇಗೆ ಸಾಧ್ಯವಾಯಿತು? 1614ರಲ್ಲಿ ಅವನು ತೀರಿಕೊಳ್ಳಲು, ಉತ್ತರಾಧಿಕಾರಿಯಾದ ಶ್ರೀರಂಗನನ್ನು ಮಡದಿಮಕ್ಕಳೊಡನೆ ಸೆರೆಯಲ್ಲಿಟ್ಟು ಕೊಲ್ಲಿಸಿದವನು ಜಗ್ಗರಾಯನು. ಅವನು ಯಾವ ಸುಲ್ತಾನನ ಕಡೆಯವನೂ ಅಲ್ಲ. ಸ್ವಂತ ರಾಜ್ಯದ ಸಾಮಂತ, ರಾಣಿಯ ಬಂಧು. ಅನಂತರದ ಅಂತಃಕಲಹದಲ್ಲಿ ಮಧುರೆ ಮತ್ತು ಜಿಂಜಿಯ ನಾಯಕರು ಒಂದು ಕಡೆ, ತಂಜಾವೂರಿನವನು ಇನ್ನೊಂದು ಕಡೆ ನಿಂತು ಕಾದಿದರು.

ರೋಗವು ಹಳೆಯದು. ಹರಿಹರನ ಅನಂತರ ಬುಕ್ಕನು ಕಲಹವಿಲ್ಲದೆ ಪಟ್ಟವೇರಿದನೇನೋ ನಿಜ; ಆದರೆ ಪಟ್ಟವು ಯಾರಿಗೆ ಸಲ್ಲತಕ್ಕದ್ದೆಂಬುದನ್ನು ಸ್ಥಿರಪಡಿಸಿದವರಿಲ್ಲ. 1485ರಲ್ಲಿ ವಿರೂಪಾಕ್ಷರಾಯನನ್ನು ಅವನ ಮಗನೇ ಕೊಂದನು. ಅದೇ ವರ್ಷ ಸಾಳುವ ನರಸಿಂಹನು ಸಿಂಹಾಸನವನ್ನು ಹಿಡಿದನು. ನೂರು ವರ್ಷ ತುಂಬುವುದರೊಳಗೆ ಮೂರು ಸಲ ವಂಶವು ಬದಲಾಯಿತು. 1542ರಲ್ಲಿ ಅಚ್ಯುತರಾಯನು ಗತಿಸಲು ಅವನ ಬಾಲಕನನ್ನು ಸೋದರಮಾವನೇ ಕೊಲ್ಲಿಸಿದನು. ಆ ಘಾತುಕನನ್ನು ಕೊಂದ ರಾಮರಾಯನಾದರೋ ಸದಾಶಿವನಿಗೆ ಕಿರೀಟವನ್ನಿಟ್ಟು ಅವನನ್ನು ಕಾವಲಿನಲ್ಲಿಟ್ಟನು. ಕೃಷ್ಣದೇವರಾಯನ ಇಪ್ಪತ್ತು ವರ್ಷಗಳ ವೈಭವವನ್ನು ವರ್ಣಿಸುವ ಲೇಖನಿಗಳು ಇಲ್ಲಿಗೆ ಬಂದಾಗ ಏಕೆ ಒಣಗುತ್ತವೆಯೋ!

ನಾಯಕರಿಗೆ ನಾಡನ್ನು ಹಂಚಿ ದಂಡನ್ನು ಪಡೆಯುವ ಪದ್ಧತಿಯು ಪ್ರಬಲನಾದ ದೊರೆಗೆ ಬಲ, ದುರ್ಬಲನಿಗೆ ಕುತ್ತು. ಕೆಂಗೇರಿ, ಕುಂಬಳಗೋಡುಗಳನ್ನು ಅಚ್ಯುತರಾಯನಿಂದ ಪಡೆದನೆಂಬ ಪ್ರತೀತಿಯುಳ್ಳ ಕೆಂಪೇಗೌಡನು ಸ್ವಂತ ನಾಣ್ಯವನ್ನು ಟಂಕಿಸಿದುದಕ್ಕಾಗಿ ರಾಮರಾಯನ ಸೆರೆಯಲ್ಲಿ ಐದು ವರ್ಷ ಕಳೆದನೆಂಬ ಕಥೆಯುಂಟು. ಕಾಲವು ತಿರುಗಿತು. 1610ರಲ್ಲಿ ರಾಜ ಒಡೆಯನು ಶ್ರೀರಂಗಪಟ್ಟಣವನ್ನು ಹಿಡಿದಾಗ ಅವನನ್ನು ಸೆರೆಗೆ ತಳ್ಳುವ ಶಕ್ತಿಯು ಯಾರಲ್ಲಿತ್ತು? 1638ರಲ್ಲಿ ಬೆಂಗಳೂರು ಬಿಜಾಪುರದವರ ವಶವಾಗಲು ಕೆಂಪೇಗೌಡನ ವಂಶಸ್ಥನು ಮಾಗಡಿಗೆ ಹೋಗಬೇಕಾಯಿತು.

ಇನ್ನು ದ್ರೋಹದ ಮಾತು. ಆ ಸರದಾರರು ತಿರುಗಿಬಿದ್ದರೆಂದು ವೆನಿಸ್ಸಿನ ಸೀಸರ್ ಫ್ರೆಡರಿಕನು ಬರೆದಿರುವುದು ನಿಜ. ಅವರ ಮತವೇ ಕಾರಣವೆನ್ನುವುದಾದರೆ, ಮುಸಲ್ಮಾನ ಬಿಲ್ಲಾಳುಗಳನ್ನು ಸೇನೆಗೆ ಸೇರಿಸಿಕೊಂಡ ಪ್ರೌಢದೇವರಾಯನ ಕಾಲದಲ್ಲಿ ರಾಜ್ಯವು ಏಕೆ ಅಳಿಯಲಿಲ್ಲ? ಚೀನದಲ್ಲಿಯೂ ಇಂಥದೇ ಒಂದು ಕಥೆಯುಂಟು. 1368ರಲ್ಲಿ ಸ್ಥಾಪಿತವಾದ ಮಿಂಗ್ ವಂಶವು 1644ರಲ್ಲಿ ಅಳಿದುದಕ್ಕೆ, ಶಾನ್‌ಹಾಯ್ ಕಣಿವೆಯ ಬಾಗಿಲನ್ನು ಮಂಚೂಗಳಿಗೆ ತೆರೆದ ಸೇನಾನಿ ವೂ ಸಾಂಗುಯಿಯನ್ನು ಬೈಯುವವರು ಬಹುಮಂದಿ. ಬಾಗಿಲು ತೆರೆಯುವುದಕ್ಕೆ ಸುಮಾರು ಒಂದು ತಿಂಗಳು ಮೊದಲೇ ಸ್ವದೇಶದ ದಂಗೆಕೋರರು ಬೀಜಿಂಗನ್ನು ಹಿಡಿದಿದ್ದರು. ಚಕ್ರವರ್ತಿಯು ಉರುಳು ಹಾಕಿಕೊಂಡಿದ್ದನು. ಅಲ್ಲಿ ಹಿಂದಿನ ವಂಶದ ಚರಿತ್ರೆಯನ್ನು ಮುಂದಿನ ವಂಶದವರು ಬರೆಯಿಸುವ ವಾಡಿಕೆಯಿತ್ತು. ಮಿಂಗ್ ಚರಿತ್ರೆಯು 1739ರಲ್ಲಿ ಮುಗಿಯಿತು. ಕನ್ನಡ ನಾಡಿನಲ್ಲಿ ಅಂಥ ವಾಡಿಕೆಯಿಲ್ಲದೆ ಪರದೇಶದ ವರ್ತಕರ ಬರಹವನ್ನೇ ನೆಮ್ಮಬೇಕಾಗಿದೆ.

ದ್ರೋಹದ ವಾಕ್ಯವನ್ನು ಬಾಯಿಪಾಠ ಮಾಡುವವರು ಆ ಫ್ರೆಡರಿಕನ ಮುಂದಿನ ಮಾತನ್ನೂ ಓದಲಿ. ಅವನು 1567ರಲ್ಲಿ ಹಂಪೆಯಲ್ಲಿ ಏಳು ತಿಂಗಳಿದ್ದನು. ಮನೆಗಳು ನಿಂತೇ ಇದ್ದವು, ಜನರಿರಲಿಲ್ಲ. ಪಟ್ಟಣವನ್ನು ಮತ್ತೆ ನೆಲೆಗೊಳಿಸಲು ಬಂದ ತಿರುಮಲನು ಗೋವೆಯ ವರ್ತಕರಿಗೆ, ಕುದುರೆಗಳನ್ನು ತಂದರೆ ಒಳ್ಳೆಯ ಬೆಲೆ ಕೊಡುವೆನೆಂದು ಹೇಳಿಕಳುಹಿಸಿದನು. ಅವರು ತಂದರು. ಕುದುರೆಗಳು ಲಾಯವನ್ನು ಸೇರಿದ ಮೇಲೆ ವರ್ತಕರನ್ನು ಬರಿಗೈಯಲ್ಲಿ ಅಟ್ಟಿದನು.