ನಾಲಿಗೆಗೆ ಗಡೀಪಾರು, ಸ್ಟೀರಿಂಗಿಗೆ ಹತ್ತು ಸೆಕೆಂಡು

2024ರ ಸೆಪ್ಟೆಂಬರಿನಲ್ಲಿ ಸಿಂಗಪುರದ ಪತ್ರಿಕಾಗೋಷ್ಠಿಯೊಂದರಲ್ಲಿ ಮ್ಯಾಕ್ಸ್ ವರ್ಸ್ಟಾಪನ್ ತಮ್ಮ ಕಾರನ್ನು ಒಂದು ಅಶ್ಲೀಲ ಪದದಲ್ಲಿ ಬೈದರು. ಫಾರ್ಮುಲಾ ಒನ್‌ನ ನಿಯಂತ್ರಕ ಸಂಸ್ಥೆ ಎಫ್ಐಎ ಅದಕ್ಕೆ ಸಾರ್ವಜನಿಕ ಸೇವೆಯ ಶಿಕ್ಷೆ ವಿಧಿಸಿತು. ಡಿಸೆಂಬರಿನಲ್ಲಿ ಅವರು ರುವಾಂಡಾಕ್ಕೆ ಹೋಗಿ ಎಳೆಯ ಚಾಲಕರ ಜೊತೆ ಕೆಲಸ ಮಾಡಿಬಂದರು. ಮುಂದಿನ ಜೂನ್ 1ರಂದು ಬಾರ್ಸಿಲೋನಾದಲ್ಲಿ ಇದೇ ವರ್ಸ್ಟಾಪನ್, ಸ್ಥಾನ ಬಿಟ್ಟುಕೊಡುವವರಂತೆ ವೇಗ ತಗ್ಗಿಸಿ, ಮತ್ತೆ ನುಗ್ಗಿ ಜಾರ್ಜ್ ರಸೆಲ್ ಕಾರಿಗೆ ಗುದ್ದಿದರು. ಶಿಕ್ಷೆ ಹತ್ತು ಸೆಕೆಂಡು, ಜೊತೆಗೆ ಲೈಸೆನ್ಸಿನ ಮೇಲೆ ಮೂರು ದಂಡಾಂಕ. ಬೈದದ್ದು ಯಂತ್ರವನ್ನು, ಗುದ್ದಿದ್ದು ಮನುಷ್ಯ ಕೂತಿದ್ದ ಕಾರಿಗೆ.

ಖ್ಯಾತ ಚಾಲಕರ ಮೇಲೆ ಸಾರ್ವಜನಿಕರ ಕಣ್ಣು ಇರಲೇಬೇಕು. ಆದರೆ ಆ ಕಣ್ಣು ಬಾಯಿಯ ಮೇಲೆ ನೆಟ್ಟು ಕೈಯನ್ನು ಮರೆತಿದೆ ಎಂಬುದೇ ನನ್ನ ತಕರಾರು. 2025ರ ಜನವರಿಯಲ್ಲಿ ಎಫ್ಐಎ ತಂದ ನಿಯಮದಂತೆ, ಮೂರನೇ ಸಲ ಬಾಯಿ ಜಾರಿದ ಫಾರ್ಮುಲಾ ಒನ್ ಚಾಲಕ 1,20,000 ಯೂರೋ ತೆರಬೇಕಿತ್ತು, ಒಂದು ತಿಂಗಳು ಹೊರಗುಳಿಯಬೇಕಿತ್ತು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ! ನಮ್ಮನ್ನು ವಯಸ್ಕರಂತೆ ಕಾಣಿ, ದಂಡದ ಹಣ ಎಲ್ಲಿಗೆ ಹೋಗುತ್ತದೆಂದು ಹೇಳಿ ಎಂದು ಚಾಲಕರ ಸಂಘ 2024ರ ನವೆಂಬರಿನಲ್ಲೇ ಬಹಿರಂಗ ಪತ್ರ ಬರೆದಿತ್ತು. ಮೇ ತಿಂಗಳಲ್ಲಿ ದಂಡದ ಮೊತ್ತವನ್ನು ತಗ್ಗಿಸಲಾಯಿತು.

ಮಕ್ಕಳು ನೋಡುತ್ತಾರೆ, ತಾರೆಯರು ಮಾದರಿಯಾಗಿರಬೇಕು ಎಂಬ ವಾದವಿದೆ. ಇರಲಿ, ಒಪ್ಪೋಣ. ಹಾಗಾದರೆ ಕಾರ್ಟಿಂಗ್ ಕಲಿಯುವ ಹುಡುಗಿಗೆ ಅಪಾಯಕಾರಿ ಪಾಠ ಯಾವುದು? 1990ರಲ್ಲಿ ಸುಜುಕಾದ ಮೊದಲ ತಿರುವಿನಲ್ಲೇ ಅಯರ್ಟನ್ ಸೆನ್ನಾ ಅಲೆನ್ ಪ್ರಾಸ್ಟ್‌ಗೆ ಗುದ್ದಿ ವಿಶ್ವ ಚಾಂಪಿಯನ್ ಆದರು. ಮರುವರ್ಷ ಅದು ಉದ್ದೇಶಪೂರ್ವಕವೆಂದು ಅವರೇ ಒಪ್ಪಿಕೊಂಡರೂ ಪಟ್ಟ ಅಲುಗಲಿಲ್ಲ. 1997ರಲ್ಲಿ ಹೆರೆಜ್‌ನಲ್ಲಿ ಜಾಕ್ ವಿಲ್ನವ್‌ಗೆ ಗುದ್ದಿದ ಮೈಕಲ್ ಶುಮಾಕರ್ ಆ ವರ್ಷದ ಎರಡನೇ ಸ್ಥಾನ ಕಳೆದುಕೊಂಡರು. ಆದರೆ ಗೆದ್ದ ರೇಸುಗಳು ಅವರ ಹೆಸರಿನಲ್ಲೇ ಉಳಿದವು, ಮುಂದಿನ ವರ್ಷ ಒಂದೇ ಒಂದು ರೇಸೂ ತಪ್ಪಲಿಲ್ಲ. ಮಕ್ಕಳು ಇದನ್ನೂ ನೋಡಿದ್ದಾರೆ.

ಇನ್ನೊಂದು ಆಕ್ಷೇಪಕ್ಕೆ ಹೆಚ್ಚು ತೂಕವಿದೆ: ಬೈಗುಳ ಧ್ವನಿಮುದ್ರಣದಲ್ಲಿ ಸಿಗುತ್ತದೆ, ಗಂಟೆಗೆ ಇನ್ನೂರು ಕಿಲೋಮೀಟರ್ ವೇಗದಲ್ಲಿ ಮನಸ್ಸಿನೊಳಗಿನ ಉದ್ದೇಶವನ್ನು ಯಾರು ಅಳೆಯಬಲ್ಲರು? ಅಳೆದದ್ದುಂಟು. 2006ರ ಮೊನಾಕೊ ಅರ್ಹತಾ ಸುತ್ತಿನಲ್ಲಿ ಶುಮಾಕರ್ ರಾಸ್ಕಾಸ್ ತಿರುವಿನಲ್ಲಿ ಕಾರು ನಿಲ್ಲಿಸಿ, ಹಿಂದೆ ಬರುತ್ತಿದ್ದವರ ದಾರಿ ಕೆಡಿಸಿದರು. ತಪ್ಪಿ ಆಯಿತು ಎಂದರು. ರೇಸಿನ ತೀರ್ಪುಗಾರರಾದ ಸ್ಟೀವರ್ಡ್‌ಗಳು ಕಾರಿನ ದತ್ತಾಂಶ ಪರಿಶೀಲಿಸಿ, ಅದನ್ನು ನಂಬದೆ, ಅವರನ್ನು ಸಾಲಿನ ಕೊನೆಗೆ ತಳ್ಳಿದರು. ಬ್ರೇಕು, ಸ್ಟೀರಿಂಗಿನ ಕೋನ, ಆಕ್ಸಿಲರೇಟರ್ ಎಲ್ಲವೂ ಕ್ಷಣಕ್ಷಣ ದಾಖಲಾಗುವ ಈ ಆಟಕ್ಕಿಂತ ಹೆಚ್ಚಿನ ಸಾಕ್ಷ್ಯ ಯಾವ ನ್ಯಾಯಾಲಯಕ್ಕೆ ಸಿಗುತ್ತದೆ? ದಂಡಾಂಕ ಪದ್ಧತಿ ಸಾಲದೇ ಎನ್ನುವವರಿಗೆ ಒಂದು ಮಾತು: ಹನ್ನೆರಡು ಅಂಕ ತುಂಬಿ 2024ರಲ್ಲಿ ಒಂದು ರೇಸಿನಿಂದ ಹೊರಗುಳಿದ ಕೆವಿನ್ ಮ್ಯಾಗ್ನುಸನ್ ಅವರದ್ದು ಸಣ್ಣಪುಟ್ಟ ತಪ್ಪುಗಳ ಮೊತ್ತ. ಬೇಕೆಂದೇ ಗುದ್ದುವುದನ್ನು ಅದೇ ತಕ್ಕಡಿಯಲ್ಲಿ ತೂಗಬಾರದು.

ಚಾಲಕರ ಮನೆ, ಮದುವೆ, ಮುನಿಸು ನಮಗೆ ಬೇಡದ ವಿಷಯ; ಬೇಕಾದದ್ದು ಟ್ರ್ಯಾಕಿನ ಮೇಲಿನ ನಡೆ. ಬಾರ್ಸಿಲೋನಾದ ಮರುದಿನ ವರ್ಸ್ಟಾಪನ್, ಮಾಡಿದ್ದು ಸರಿಯಲ್ಲ ಎಂದು ಬರೆದುಕೊಂಡರು. ಹತ್ತು ಸೆಕೆಂಡಿನ ದಂಡದಿಂದ ಐದರಿಂದ ಹತ್ತನೇ ಸ್ಥಾನಕ್ಕೆ ಇಳಿದು ಒಂಬತ್ತು ಅಂಕ ಕಳೆದುಕೊಂಡಿದ್ದರು. ಆ ವರ್ಷದ ಪಟ್ಟ ಅವರ ಕೈತಪ್ಪಿ ಲ್ಯಾಂಡೊ ನಾರಿಸ್ ಪಾಲಾದದ್ದು ಎರಡೇ ಅಂಕದ ಅಂತರದಲ್ಲಿ. ಶಿಕ್ಷೆ ತಾನಾಗಿಯೇ ಸಿಕ್ಕಿತಲ್ಲ ಎಂದು ಅಭಿಮಾನಿಗಳು ಹೇಳಬಹುದು. ಅದು ಅಂಕಪಟ್ಟಿಯ ಆಕಸ್ಮಿಕ, ನಿಯಂತ್ರಕರ ತೀರ್ಪಲ್ಲ. ಮುಂದಿನ ರೇಸಿಗೆ ಅವರನ್ನು ಹೊರಗಿಡಬೇಕಿತ್ತು.