ಬಿಸ್ಕತ್ತು ತಿನ್ನುವ ಹಾರುಬೆಕ್ಕು

ಮೊನ್ನೆ ಸಂಜೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಬೀಡಾ ಅಂಗಡಿ ಮುಂದೆ ಜನವೋ ಜನ. ಜಗಳವಿರಬೇಕು, ಒಂದು ಸುದ್ದಿ ಸಿಕ್ಕಿತು ಅಂತ ಈ ವರದಿಗಾರನೂ ನುಗ್ಗಿದ. ಜಗಳವಲ್ಲ. ಗಿಳಿ ಪಂಜರದಲ್ಲಿ ಒಂದು ಹಾರುಬೆಕ್ಕಿನ ಮರಿ. ಟ್ಯೂಬ್‌ಲೈಟಿನ ಕೆಳಗೆ, ಆ ದೊಡ್ಡ ಕಣ್ಣು ಬಿಟ್ಟುಕೊಂಡು ಮೂಲೆಯಲ್ಲಿ ಮುದುಡಿ ಕೂತಿದೆ. ಸುತ್ತ ಹತ್ತಿಪ್ಪತ್ತು ಮೊಬೈಲು. ಒಬ್ಬಾತ ಬೀಗದ ಕೈಯಲ್ಲಿ ತಿವಿದು, ‘ಹಾರು ನೋಡಣ’ ಅನ್ನುತ್ತಿದ್ದ.

ಅಂಗಡಿಯವರು ಕೆಟ್ಟ ಮನುಷ್ಯರಲ್ಲ. ಈ ಮಾತು ಮೊದಲೇ ಹೇಳಿಬಿಡುತ್ತೇನೆ. ಘಟ್ಟದ ಕಡೆಯಿಂದ ಬರುವ ಬಸ್ಸಿನ ಕ್ಲೀನರ್ ಹುಡುಗ ತಂದುಕೊಟ್ಟನಂತೆ. ರಸ್ತೆ ಬದಿಯ ಹಳೇ ಮರ ಕಡಿದು ಉರುಳಿಸಿದಾಗ ಪೊಟರೆಯಿಂದ ಬಿದ್ದ ಮರಿ. ಅಲ್ಲೇ ಬಿಟ್ಟಿದ್ದರೆ ನಾಯಿ ಪಾಲಾಗುತ್ತಿತ್ತು.

‘ಏನಣ್ಣ ತಿನ್ನಿಸ್ತೀರಿ?’ ಅಂದೆ.

‘ಹಾಲಲ್ಲಿ ಬಿಸ್ಕತ್ತು ನೆನೆಸಿ ಕೊಡ್ತೀನಿ ಸಾರ್. ಕಡ್ಲೆಕಾಯಿ ಅಂದ್ರೆ ಪ್ರಾಣ ಬಿಡುತ್ತೆ. ಐದು ದಿನ ಆಯ್ತು, ಚೆನ್ನಾಗೈತೆ.’

ಚೆನ್ನಾಗಿಲ್ಲ ಅಂತ ಹೇಳುವ ಯೋಗ್ಯತೆ ನನಗಿದೆ, ಯಾಕೆಂದರೆ ನಾನೂ ಒಂದನ್ನು ಸಾಕಿ ಕೊಂದವನು. ಪಿಯುಸಿ ಅರ್ಧಕ್ಕೆ ಬಿಟ್ಟು ಮನೆಯಲ್ಲಿ ಕೂತಿದ್ದ ಮಳೆಗಾಲ. ಗಾಳಿಗೆ ಬಿದ್ದ ಹಲಸಿನ ಮರದ ಬುಡದಲ್ಲಿ ಸಿಕ್ಕಿತ್ತು. ಅಂಗೈ ತುಂಬ ಇತ್ತು. ಮಾಡಲು ಬೇರೆ ಕೆಲಸವಿರಲಿಲ್ಲ, ಹಗಲೂ ರಾತ್ರಿ ಅದರದೇ ಚಾಕರಿ. ಔಷಧಿ ಬಾಟಲಿಯ ಫಿಲ್ಲರಿನಲ್ಲಿ ಹಸುವಿನ ಹಾಲು ಬಾಯಿಗೆ ಬಿಟ್ಟೆ. ಅಂಗಾತ ಹಿಡಿದುಕೊಂಡು, ಮನುಷ್ಯರ ಮಗುವಿಗೆ ಒಳಲೆಯಲ್ಲಿ ಹಾಕಿದ ಹಾಗೆ. ಎರಡನೇ ದಿನ ಭೇದಿ ಶುರುವಾಯಿತು. ಆಮೇಲೆ ಮೂಗಿನಲ್ಲಿ ಹಾಲಿನ ಗುಳ್ಳೆ. ಎಂಟನೇ ದಿನ ಬೆಳಗ್ಗೆ ನೋಡಿದರೆ ಬಟ್ಟೆಯೊಳಗೆ ತಣ್ಣಗಾಗಿತ್ತು. ಅಮ್ಮ ‘ಹೋಗಲಿ ಬಿಡು, ಅದರ ಆಯಸ್ಸು ಅಷ್ಟೇ’ ಅಂದಳು. ಆಯಸ್ಸು ಅಷ್ಟಿರಲಿಲ್ಲ ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ, ಒಬ್ಬ ಪಶುವೈದ್ಯರ ಹತ್ತಿರ ಮಾತಾಡಿದಾಗ.

ಅವರು ಹೇಳಿದ್ದು ಇಷ್ಟು. ಹಸುವಿನ ಹಾಲು ಇಂಥ ಮರಿಗಳಿಗೆ ಜೀರ್ಣವಾಗುವುದಿಲ್ಲ. ಫಿಲ್ಲರಿನಲ್ಲಿ ಒತ್ತಿ ಬಿಟ್ಟರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ತಣ್ಣಗಾದ ಮರಿಗೆ ಮೊದಲು ಬೇಕಾದದ್ದು ಹಾಲಲ್ಲ, ಶಾಖ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು ಮೈ ಬೆಚ್ಚಗಾಗುವ ತನಕ ಏನೂ ಕೊಡಬಾರದು. ಕಣ್ಣು ಬಿಡದ ಮರಿಯಾದರೆ ತಾನಾಗಿ ಉಚ್ಚೆ ಕಕ್ಕಸು ಮಾಡುವುದೂ ಕಷ್ಟ. ತಾಯಿ ನೆಕ್ಕಬೇಕು, ತಾಯಿ ಇಲ್ಲದಿದ್ದರೆ ಒದ್ದೆ ಹತ್ತಿಯಲ್ಲಿ ನಾವು ಒರೆಸಬೇಕು. ಇದೆಲ್ಲ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಗೊತ್ತಿದ್ದವರೂ ಮೂರು ಗಂಟೆಗೊಂದು ಸಲ ಎದ್ದು ಮಾಡುತ್ತಾರೆಯೇ?

ಹಾಲು ಬಿಟ್ಟು ಬೆಳೆದ ಮರಿಯಾದರೂ ಬಿಸ್ಕತ್ತು ಕಡ್ಲೆಕಾಯಿಯಲ್ಲಿ ಬದುಕುವುದಿಲ್ಲ. ಕಾಡಿನಲ್ಲಿ ಅದರ ಊಟ ಎಲೆ, ಚಿಗುರು, ಹೂವು, ತೊಗಟೆ, ಅತ್ತಿ ಆಲದ ಹಣ್ಣು, ಹಲಸು. ಬರೀ ಕಡ್ಲೆಕಾಯಿ ತಿಂದರೆ ಸುಣ್ಣದ ಅಂಶ ಸಾಲದೆ ಮೂಳೆ ಮೆತ್ತಗಾಗುತ್ತದೆ. ಎರಡು ತಿಂಗಳಿಗೋ ಮೂರು ತಿಂಗಳಿಗೋ ಹಿಂದಿನ ಕಾಲು ಎಳೆಯತೊಡಗುತ್ತದೆ. ಆಗ ಅಂಗಡಿ ಮುಂದೆ ಜನ ಇರುವುದಿಲ್ಲ.

ಇನ್ನು ಹಾರುವ ವಿಷಯ. ‘ಹಾರು’ ಅಂತ ತಿವಿದ ಮಹಾಶಯರ ಗಮನಕ್ಕೆ. ಇದು ಬೆಕ್ಕಲ್ಲ, ಅಳಿಲಿನ ಜಾತಿ. ಹಾರುವುದೂ ಇಲ್ಲ, ತೇಲುತ್ತದೆ. ಮುಂಗಾಲಿನಿಂದ ಹಿಂಗಾಲಿಗೆ ಇರುವ ಚರ್ಮವನ್ನು ಕೊಡೆಯಂತೆ ಬಿಚ್ಚಿ, ಎತ್ತರದ ಮರದ ತುದಿಯಿಂದ ಜಿಗಿದು ದೂರದ ಮರದ ಬುಡದ ಕಡೆಗೆ ಇಳಿಯುತ್ತದೆ. ಮತ್ತೆ ಹತ್ತುತ್ತದೆ, ಮತ್ತೆ ತೇಲುತ್ತದೆ. ಮರ ಎತ್ತರವಿದ್ದಷ್ಟೂ ದೂರ ಹೋಗಬಹುದು. ನಮ್ಮ ಮಲೆನಾಡಿನ ದೊಡ್ಡ ಹಾರುಬೆಕ್ಕು ಬೆಳೆದರೆ ಬಾಲ ಸೇರಿ ಮೂರಡಿ ಉದ್ದ. ಅದಕ್ಕೆ ಗಿಳಿ ಪಂಜರ! ಮೇಲಾಗಿ ಅದರದು ರಾತ್ರಿ ಪಾಳಿ. ನಾವು ಹಗಲಿಡೀ ಮುಖಕ್ಕೆ ಲೈಟು ಬಿಟ್ಟು, ರಾತ್ರಿ ಅದು ಏಳುವ ಹೊತ್ತಿಗೆ ಬಾಗಿಲು ಹಾಕಿ ಮನೆಗೆ ಹೋಗುತ್ತೇವೆ.

ಈಗ ದುಡ್ಡಿದ್ದವರು ಪಟ್ಟಣದ ಅಂಗಡಿಗಳಲ್ಲಿ ‘ಶುಗರ್ ಗ್ಲೈಡರ್’ ಅಂತ ಒಂದನ್ನು ಕೊಂಡು ಜೇಬಿನಲ್ಲಿಟ್ಟುಕೊಂಡು ತಿರುಗುತ್ತಾರೆ. ಅದನ್ನು ನೋಡಿ ನಮ್ಮ ಹುಡುಗರಿಗೂ ಆಸೆ. ಅದು ಆಸ್ಟ್ರೇಲಿಯಾ ಕಡೆಯ ಪ್ರಾಣಿ, ಕಾಂಗರೂವಿನ ಹಾಗೆ ಹೊಟ್ಟೆಚೀಲದಲ್ಲಿ ಮರಿ ಸಾಕುವ ಜಾತಿ. ಅಳಿಲಿಗೂ ಅದಕ್ಕೂ ನಂಟಿಲ್ಲ. ಅದನ್ನು ಸಾಕುವುದು ಸರಿಯೋ ತಪ್ಪೋ ಬೇರೆ ಮಾತು. ಅದನ್ನು ನೋಡಿ ಇದನ್ನು ಸಾಕಹೊರಡುವುದು ಅಪರಾಧ. 1972ರ ವನ್ಯಜೀವಿ ಕಾಯಿದೆಯಲ್ಲಿ ಹಾರುಬೆಕ್ಕನ್ನು ಹಿಡಿಯುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಜೈಲು, ದಂಡ ಎರಡೂ ಇವೆ.

ಇನ್ನೊಂದು ಮಾತನ್ನು ಅಂಗಡಿಯವರ ಕಿವಿಯಲ್ಲಿ ಹೇಳಿದೆ, ಇಲ್ಲೂ ಹೇಳುತ್ತೇನೆ. ಕಾಡಿನ ಪ್ರಾಣಿಯ ಮೈಯಲ್ಲಿ ಉಣುಗು ಇರುತ್ತದೆ. ನಾವು ಉಣುಗಿಗೆ ಹೆದರಬೇಕಾದ ಸೀಮೆಯವರು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಾಣಿಸಿಕೊಂಡ ಮಂಗನ ಕಾಯಿಲೆ ಹರಡುವುದೇ ಉಣುಗಿನಿಂದ. ಹೆಸರಿಗೆ ಮಂಗನದಾದರೂ ಆ ವೈರಸ್ಸಿಗೆ ಕಾಡಿನ ಸಣ್ಣಪುಟ್ಟ ಪ್ರಾಣಿಗಳೂ ಆಶ್ರಯ ಕೊಡುತ್ತವೆ. ಅಂಗಡಿಯವರ ಮೊಮ್ಮಗಳು ಆ ಮರಿಯನ್ನು ಹೆಗಲ ಮೇಲೆ ಹಾಕಿಕೊಂಡು ಆಡುತ್ತಿದ್ದಳು.

‘ಹಾಗಾದ್ರೆ ಒಪ್ಪಿಸಿಬಿಡಿ’ ಅಂದೆ.

‘ಒಪ್ಪಿಸೋಕೆ ಹೋದ್ರೆ ನನ್ಮೇಲೇ ಕೇಸ್ ಹಾಕ್ತಾರೆ ಸಾರ್. ಯಾವನಿಗೆ ಬೇಕು? ರಾತ್ರಿ ತಗೊಂಡೋಗಿ ಎಲ್ಲಾದ್ರೂ ತೋಪಲ್ಲಿ ಬಿಟ್ಟು ಬರ್ತೀನಿ.’

ನನ್ನ ದೂರು ಇರುವುದು ಇಲ್ಲಿ. ತೇಲಲು ಕಲಿಯದ ಮರಿಯನ್ನು ನೀಲಗಿರಿ ತೋಪಿನಲ್ಲಿ ಬಿಟ್ಟರೆ ಬೆಳಗಾಗುವುದರೊಳಗೆ ಸತ್ತಿರುತ್ತದೆ. ಆದರೂ ಆ ಮನುಷ್ಯನ ಭಯ ಸುಳ್ಳಲ್ಲ. ಕಾಡುಪ್ರಾಣಿ ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಸಂಬಂಧಪಟ್ಟ ಅಧಿಕಾರಿಗೋ ತಿಳಿಸಬೇಕು ಅಂತ ಅದೇ ಕಾಯಿದೆಯಲ್ಲಿದೆ. ಅಂದರೆ ತಿಳಿಸಿದವನು ಕಳ್ಳನಲ್ಲ. ಈ ಮಾತನ್ನು ಯಾರಾದರೂ ನಮ್ಮ ಜನಕ್ಕೆ ಹೇಳಿದ್ದಾರೆಯೇ? ಬಸ್‌ಸ್ಟ್ಯಾಂಡಿನಲ್ಲಿ ಬೀಡಿ ಸೇದಬಾರದು, ಉಗುಳಬಾರದು ಅನ್ನುವ ಬೋರ್ಡಿನ ಪಕ್ಕ ಇದೊಂದು ಬೋರ್ಡು ತೂಗಿದರೆ ಎಷ್ಟು ಖರ್ಚು? ಸಿಕ್ಕ ಪ್ರಾಣಿಯನ್ನು ತಂದುಕೊಡಿ, ನಿಮಗೆ ತೊಂದರೆ ಇಲ್ಲ ಅಂತ ಎರಡು ಸಾಲು. ಹೆದರಿಸಿದಷ್ಟೂ ಜನ ಮುಚ್ಚಿಡುತ್ತಾರೆ, ಮುಚ್ಚಿಟ್ಟದ್ದು ಸಾಯುತ್ತದೆ.

ಮರ ಕಡಿಯುವವರಿಗೂ ಒಂದು ಮಾತು. ರಸ್ತೆ ಅಗಲವಾಗಲಿ, ಬೇಡ ಅನ್ನುವವರಾರು? ಬಸ್ಸಿನಲ್ಲಿ ಓಡಾಡುವವರು ನಾವೇ. ಆದರೆ ಪೊಟರೆ ಇರುವುದು ಹಳೇ ಮರದಲ್ಲಿ, ನಂಬರು ಬರೆಯುವುದೂ ಅದೇ ಮರಕ್ಕೆ. ಈ ಪ್ರಾಣಿ ಈಯುವುದು ಸಾಮಾನ್ಯವಾಗಿ ಒಂದೇ ಮರಿ. ಗರಗಸ ಇಡುವ ಮೊದಲು ಒಬ್ಬ ಆಳು ಹತ್ತಿ ಪೊಟರೆಗೆ ಟಾರ್ಚ್ ಹಾಕಿ ನೋಡಿದರೆ ಗುತ್ತಿಗೆದಾರರಿಗೆ ಎಷ್ಟು ನಷ್ಟ? ಮರಿ ಇದ್ದರೆ ಆ ಒಂದು ಮರವನ್ನು ಕೊನೆಗೆ ಕಡಿಯಲಿ. ಮರಿ ಬಿದ್ದೇಬಿಟ್ಟರೆ ರಟ್ಟಿನ ಪೆಟ್ಟಿಗೆಗೆ ತೂತು ಮಾಡಿ, ಬಟ್ಟೆ ಹಾಸಿ, ಕತ್ತಲಾಗುವ ಹೊತ್ತಿಗೆ ಪಕ್ಕದ ಮರದ ಕವಲಿನಲ್ಲಿ ಇಡಲಿ. ತಾಯಿ ಹುಡುಕಿಕೊಂಡು ಬಂದರೂ ಬಂದೀತು.

ಗಂಟೆಗಟ್ಟಲೆ ವಾದ ಮಾಡಿದ ಮೇಲೆ ಅಂಗಡಿಯವರು ಒಪ್ಪಿದ್ದಾರೆ. ಪಂಜರಕ್ಕೆ ಗೋಣಿಚೀಲ ಮುಚ್ಚಿದ್ದಾರೆ, ಬಿಸ್ಕತ್ತು ನಿಂತಿದೆ, ಅತ್ತಿಹಣ್ಣು ಚಿಗುರು ಹಾಕಿದ್ದಾರೆ. 48 ಗಂಟೆ ಎಂದೋ ಮುಗಿದಿದೆ, ನಿಜ. ಆದರೂ ನಾಳೆ ಬೆಳಗ್ಗೆ ಒಪ್ಪಿಸಲು ಹೊರಟಿದ್ದಾರೆ, ಧೈರ್ಯಕ್ಕೆ ಈ ವರದಿಗಾರನೂ ಜೊತೆಗೆ. ಕೇಸು ಬರೆಯುತ್ತಾರೋ, ಕೂರಿಸಿ ಕಾಫಿ ಕೊಡುತ್ತಾರೋ, ಮುಂದಿನ ವಾರ ಇದೇ ಜಾಗದಲ್ಲಿ ತಿಳಿಸುತ್ತೇನೆ.