ಹಾರ್ಡ್ ಲೆವೆಲ್ ಗೆದ್ದವರು ಮೊದಲ ರೌಂಡಿಗೇ ಯಾಕೆ ಔಟ್?

ಫೆಸ್ಟ್ ಹತ್ತಿರ ಬಂತು ಅಂದ್ರೆ ಟೆಕ್ಕೆನ್ ಟೂರ್ನಮೆಂಟಿಗೆ ಹೆಸರು ಕೊಡೋರ ಪಟ್ಟಿ ಉದ್ದವಾಗುತ್ತೆ. ಅದರಲ್ಲಿ ಒಂದು ಬಗೆಯ ಆಟಗಾರರು ಪ್ರತಿ ಸಲ ಇರ್ತಾರೆ. ರಜೆ ಪೂರ್ತಿ ಮನೆಯಲ್ಲಿ ಒಬ್ಬರೇ ಕೂತು, ಕಂಪ್ಯೂಟರ್ ಆಡಿಸುವ ಎದುರಾಳಿಯನ್ನು ಅತಿ ಕಷ್ಟದ ಲೆವೆಲ್ಲಿನಲ್ಲಿ ಹೊಡೆದು ಮಲಗಿಸಿ ಬಂದವರು. ಕಾಂಬೋಗಳೆಲ್ಲ ಬಾಯಿಪಾಠ. ಮೊದಲ ಮ್ಯಾಚಿನಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವರಿಗೆ ಗೊತ್ತಿರೋದು ಎರಡು ಕಿಕ್ಕು, ಒಂದು ಥ್ರೋ, ಅಷ್ಟೆ. ಆದರೂ ಐದೇ ನಿಮಿಷದಲ್ಲಿ ನಮ್ಮ ಹಾರ್ಡ್ ಲೆವೆಲ್ ವೀರರು ಕ್ಯಾಂಟೀನ್ ಕಡೆ ಹೊರಟಿರುತ್ತಾರೆ. 'ಮಗಾ, ಅವನಿಗೆ ಆಡೋಕೇ ಬರಲ್ಲ, ಸುಮ್ನೆ ಬಟನ್ ಕುಟ್ತಾನೆ' ಅನ್ನೋ ಸಮಾಧಾನ ಬೇರೆ.

ನಮ್ಮ ವಾದ ಇಷ್ಟು. ಇದರಲ್ಲಿ ಆ ಆಟಗಾರರ ತಪ್ಪು ಕಮ್ಮಿ, ಅವರಿಗೆ ಕಲಿಸಿದ ಗುರುವಿನ ತಪ್ಪು ಜಾಸ್ತಿ. ಫೈಟಿಂಗ್ ಗೇಮ್‌ಗಳಲ್ಲಿ ಕಂಪ್ಯೂಟರ್ ಎದುರಾಳಿ, ಅಂದರೆ ನಾವೆಲ್ಲ ಕರೆಯುವ ಸಿಪಿಯು, ದಡ್ಡ ಅಂತ ನಾವು ಹೇಳ್ತಿಲ್ಲ. ಒಂದು ಅರ್ಥದಲ್ಲಿ ಅದು ನಮಗಿಂತ ತುಂಬಾನೇ ಚುರುಕು. ಅದರ ತೊಂದರೆ ಏನಂದ್ರೆ, ಎದುರಿಗೆ ಯಾರು ಕೂತಿದ್ದಾರೆ ಅನ್ನೋದು ಅದಕ್ಕೆ ಬೇಕಾಗಿಲ್ಲ.

ಮೊದಲು ಒಳಗೆ ಏನು ನಡೆಯುತ್ತೆ ನೋಡೋಣ. ಈ ಆಟಗಳು ಸಾಮಾನ್ಯವಾಗಿ ಸೆಕೆಂಡಿಗೆ 60 ಫ್ರೇಮ್ ಓಡುತ್ತವೆ. ಒಂದು ಫ್ರೇಮ್ ಅಂದರೆ ಸುಮಾರು 16.67 ಮಿಲಿಸೆಕೆಂಡ್. ಪರದೆ ಮೇಲೆ ಏನೋ ಕಂಡು, ಮೆದುಳಿಗೆ ತಲುಪಿ, ಬೆರಳು ಬಟನ್ ಒತ್ತುವಷ್ಟರಲ್ಲಿ ಮನುಷ್ಯನಿಗೆ 200ರಿಂದ 250 ಮಿಲಿಸೆಕೆಂಡ್ ಬೇಕು, ಅಂದರೆ 12ರಿಂದ 15 ಫ್ರೇಮ್. ಸಿಪಿಯುಗೆ ಕಣ್ಣಿನ ಕೆಲಸವೇ ಇಲ್ಲ. ನೀವು ಯಾವ ಹೊಡೆತ ಶುರು ಮಾಡಿದಿರಿ, ಎಷ್ಟು ದೂರದಲ್ಲಿದ್ದೀರಿ, ನೆಲದ ಮೇಲಿದ್ದೀರೋ ಗಾಳಿಯಲ್ಲಿದ್ದೀರೋ ಎಲ್ಲವೂ ಮೆಮೊರಿಯಲ್ಲಿ ವೇರಿಯಬಲ್ ಆಗಿ ಕೂತಿರುತ್ತೆ. ಮುಂದಿನ ಫ್ರೇಮಿನಲ್ಲೇ ಓದಿ ಉತ್ತರ ಕೊಡಬಹುದು. ಬೇಕು ಅಂದ್ರೆ ಪ್ರತಿ ಹೊಡೆತವನ್ನೂ ಬ್ಲಾಕ್ ಮಾಡೋ ಸಿಪಿಯು ಬರೆಯೋದು ಎರಡನೇ ವರ್ಷದವರಿಗೂ ಕಷ್ಟ ಅಲ್ಲ. ಆದರೆ ಅಂಥ ಆಟವನ್ನು ಯಾರು ಆಡ್ತಾರೆ?

ಹಾಗಾಗಿ ಗೇಮ್ ಮಾಡುವವರ ನಿಜವಾದ ಕೆಲಸ ಅದನ್ನು ಮೊಂಡು ಮಾಡೋದು. ಹಳೇ ಉಪಾಯ ಅಂದರೆ ದಾಳ. ಎದುರಾಳಿ ಹಾರಿ ಬಂದ, ದೂರ ಇಷ್ಟಿದೆ ಅಂದಾಗ ನೂರಕ್ಕೆ ಇಷ್ಟು ಸಲ ಮೇಲ್ಮುಖ ಪಂಚ್ ಹೊಡಿ, ಇಷ್ಟು ಸಲ ಬ್ಲಾಕ್ ಮಾಡು, ಉಳಿದ ಸಲ ಸುಮ್ಮನೆ ನಿಂತ್ಕೋ. ಲೆವೆಲ್ ಏರಿಸಿದ ಹಾಗೆ ಸುಮ್ಮನೆ ನಿಲ್ಲೋದು ಕಮ್ಮಿಯಾಗುತ್ತೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ಸ್ಟೇಟ್ ಡಯಾಗ್ರಾಮ್ ಬರೆದಿದ್ದೀವಲ್ಲ, ಅದೇ ಕಥೆ. ಬಾಣದ ಗುರುತುಗಳ ಮೇಲೆ ಒಂದೊಂದು ಸಂಭಾವ್ಯತೆ ಬರೆದಿಟ್ಟರೆ ಆಯ್ತು. ಪರಿಣಾಮ ಏನು ಗೊತ್ತಾ? ಈಸಿ ಲೆವೆಲ್ಲಿನ ಸಿಪಿಯು ಹೊಸಬರ ಥರ ಆಡಲ್ಲ. ನಡುನಡುವೆ ನಿದ್ದೆ ಹೋಗುವ ಪಂಟರ್ ಥರ ಆಡುತ್ತೆ. ನಿಮ್ಮ ದೊಡ್ಡ ಒದೆತಕ್ಕೆ ಮುಖ ಕೊಟ್ಟು ನಿಂತಿರುತ್ತೆ, ಮರುಕ್ಷಣವೇ ಯಾವ ಮನುಷ್ಯನೂ ನೋಡಿ ತಡೆಯಲಾಗದ ಹೊಡೆತವನ್ನು ತಡೆದುಬಿಡುತ್ತೆ. ಹೊಸಬರು ಮಾಡುವ ತಪ್ಪಿಗೆ ಒಂದು ಕಾರಣ ಇರುತ್ತೆ. ಗಾಬರಿ, ಆಸೆ, ಬಟನ್ ಮರೆತುಹೋಗಿದ್ದು ಹೀಗೆ. ದಾಳಕ್ಕೆ ಅದ್ಯಾವುದೂ ಇಲ್ಲ.

ಇನ್ನು ಮೋಸದ ವಿಷಯ. 1991ರಲ್ಲಿ ಕ್ಯಾಪ್‌ಕಾಮ್ ತಂದ ಸ್ಟ್ರೀಟ್ ಫೈಟರ್ 2ರಲ್ಲಿ ಗೈಲ್ ಅನ್ನೋ ಪಾತ್ರ ಇದೆ. ನಾವು ಗೈಲ್ ಆಗಿ ಸೋನಿಕ್ ಬೂಮ್ ಎಸೆಯಬೇಕಾದರೆ ಸ್ಟಿಕ್ಕನ್ನು ಸ್ವಲ್ಪ ಹೊತ್ತು ಹಿಂದಕ್ಕೆ ಹಿಡಿದಿಟ್ಟು, ಆಮೇಲೆ ಮುಂದಕ್ಕೆ ತಳ್ಳಿ ಪಂಚ್ ಒತ್ತಬೇಕು. ಆ ಹಿಡಿದಿಡುವ ಹೊತ್ತೇ ಆ ಪಾತ್ರದ ಬೆಲೆ: ಮುಂದೆ ನಡೆದರೆ ಆಯುಧ ಇಲ್ಲ, ಆಯುಧ ಬೇಕಂದ್ರೆ ಮುಂದೆ ನಡೆಯೋ ಹಾಗಿಲ್ಲ. ಸಿಪಿಯು ಗೈಲ್‌ಗೆ ಈ ಬೆಲೆ ಕಟ್ಟೋ ಅಗತ್ಯವೇ ಇಲ್ಲ. ಆರಾಮಾಗಿ ನಿಮ್ಮ ಕಡೆ ನಡೆದು ಬರ್ತಾನೆ, ನೀವು ಹಾರಿದ ತಕ್ಷಣ ಫ್ಲ್ಯಾಶ್ ಕಿಕ್ ಹೊಡೀತಾನೆ. ಒಳಗೆ ಸ್ಟಿಕ್ಕೂ ಇಲ್ಲ, ಬೆರಳೂ ಇಲ್ಲ, ಹೊಡೆತ ಶುರುಮಾಡು ಅನ್ನೋ ಆಜ್ಞೆ ಮಾತ್ರ. ಆಗ ಇದು ಆರ್ಕೇಡ್ ಮಷೀನು, ನಾಣ್ಯ ಹಾಕಿ ಆಡೋದು. ಒಂದೇ ನಾಣ್ಯದಲ್ಲಿ ಗಂಟೆಗಟ್ಟಲೆ ಆಡಿದರೆ ಅಂಗಡಿಯವನ ಬಾಡಿಗೆ ಯಾರು ಕಟ್ಟಬೇಕು? ಕಷ್ಟ ಎಷ್ಟಿರಬೇಕು ಅಂತ ಮಷೀನಿನೊಳಗಿನ ಡಿಪ್ ಸ್ವಿಚ್ಚಲ್ಲೇ ಅವನು ಹೊಂದಿಸಿಕೊಳ್ಳಬಹುದಿತ್ತು. ಸಿಪಿಯುನ ಈ ಸ್ವಭಾವ ವ್ಯಾಪಾರದಿಂದ ಬಂದದ್ದು, ಮನೆಗೆ ಬಂದ ಮೇಲೂ ಪೂರ್ತಿ ಹೋಗಿಲ್ಲ.

ಇಷ್ಟೆಲ್ಲ ಮೋಸ ಮಾಡಿದರೂ ಸೋಲುತ್ತಲ್ಲ, ಅದೇ ಮಜಾ. 1993ರ ಮಾರ್ಟಲ್ ಕಾಂಬ್ಯಾಟ್ 2ರ ಸಿಪಿಯು ಕಣ್ಣಲ್ಲಿ ನೀರು ತರಿಸುವಷ್ಟು ಕಠಿಣ ಅಂತ ಹೆಸರುವಾಸಿ. ಅದನ್ನು ಗೆಲ್ಲೋರು ಏನು ಮಾಡ್ತಾರೆ? ಹಿಂದಕ್ಕೆ ಹಾರೋದು, ಬೆನ್ನಟ್ಟಿ ಬಂದವನಿಗೆ ಗಾಳಿಯಲ್ಲೇ ಒದೆಯೋದು, ಮತ್ತೆ ಹಿಂದಕ್ಕೆ ಹಾರೋದು. ಇದೇ ಟ್ರಿಕ್ ಎಷ್ಟೋ ಸಲ ನಡೆಯುತ್ತೆ. ಹತ್ತನೇ ಸಲ ಒದೆ ತಿನ್ನುವಾಗಲೂ ಸಿಪಿಯುಗೆ ಅದು ಮೊದಲನೇ ಸಲವೇ. ಬೀದಿ ನಾಯಿ ಕೂಡ ಎರಡನೇ ಸಲ ಕಲ್ಲೆತ್ತಿದರೆ ಓಡುತ್ತೆ.

ನಮ್ಮ ಹಾರ್ಡ್ ಲೆವೆಲ್ ವೀರರು ರಜೆಯಲ್ಲಿ ಕಲಿಯೋದು ಇಂಥದ್ದನ್ನೇ, ಗೊತ್ತಿಲ್ಲದೆ. ಯಾವ ದೂರದಲ್ಲಿ ಯಾವ ಹೊಡೆತ ಹೊಡೆದರೆ ಆ ಕೋಡು ಎಡವುತ್ತೆ ಅಂತ ಬೆರಳಿಗೆ ಅಭ್ಯಾಸ ಆಗಿರುತ್ತೆ. ಟೆಕ್ಕೆನ್ ಉದಾಹರಣೆಯನ್ನೇ ತಗೊಳ್ಳಿ. ಬ್ಲಾಕ್ ಆದಾಗ ನಿಮ್ಮನ್ನು ಹತ್ತು ಫ್ರೇಮಿಗಿಂತ ಹೆಚ್ಚು ಹೊತ್ತು ಬಯಲಲ್ಲಿ ನಿಲ್ಲಿಸುವ ಹೊಡೆತಗಳಿವೆ. ಹತ್ತೇ ಫ್ರೇಮಿನ ಜ್ಯಾಬ್ ಎದುರಾಳಿ ಕೈಯಲ್ಲಿದೆ. ಬ್ಲಾಕ್ ಮಾಡಿದವರು ಖಚಿತವಾಗಿ ತಿರುಗಿ ಹೊಡೆಯಬಹುದು. ದಾಳ ಹಾಕುವ ಸಿಪಿಯು ಒಮ್ಮೆ ಹೊಡೆಯುತ್ತೆ, ಮೂರು ಸಲ ಬಿಡುತ್ತೆ. ಆ ಮೂರು ಸಲ ನಿಮಗೆ 'ಇದು ಒಳ್ಳೇ ಹೊಡೆತ' ಅಂತ ಪಾಠ ಹೇಳಿಕೊಡುತ್ತೆ. ಫೆಸ್ಟ್‌ನಲ್ಲಿ ಸಿಕ್ಕವರು ಒಂದು ಸಲ ನೋಡ್ತಾರೆ, ಎರಡನೇ ಸಲ ಕಾದು ಹೊಡೀತಾರೆ, ಮೂರನೇ ಸಲ ನೀವು ಹೆದರಿ ಕೂತಿರ್ತೀರಿ ಅಂತ ಥ್ರೋ ಮಾಡ್ತಾರೆ.

ಆ ಮೂರನೇ ಸಲವೇ ನಿಜವಾದ ಆಟ. ಕಾಲಿಗೆ ಸತತ ಮೂರು ಸಲ ಒದ್ದರೆ ಮನುಷ್ಯನಾದವನು ನಾಲ್ಕನೇ ಸಲ ಕೂತು ಬ್ಲಾಕ್ ಮಾಡ್ತಾನೆ. ಕೂತ ಅಂತ ಗೊತ್ತಾದ್ರೆ ನಡುಮಟ್ಟದ ದೊಡ್ಡ ಹೊಡೆತ ಬಿಡಬಹುದು. ಅದು ಅವನಿಗೂ ಗೊತ್ತಿದ್ರೆ ಕೂರೋ ಹಾಗೆ ಮಾಡಿ ಎದ್ದುಬಿಡ್ತಾನೆ. ನಾವು ಅವನಿಗೆ ಒಂದು ಅಭ್ಯಾಸ ಕಲಿಸಿ, ಅದೇ ಅಭ್ಯಾಸಕ್ಕೆ ಹೊಂಡ ತೋಡ್ತೀವಿ. ಸಿಪಿಯುಗೆ ಇದೇನೂ ಕಲಿಸೋಕಾಗಲ್ಲ. ದಾಳಕ್ಕೆ ಹಿಂದಿನ ಎಸೆತ ನೆನಪಿರಲ್ಲ ಅಂತ ಪ್ರಾಬಬಿಲಿಟಿ ಪಾಠದಲ್ಲೇ ಓದಿದ್ದೀವಿ. ತಾಳಮದ್ದಳೆಯಲ್ಲಿ ಎದುರಿನ ಅರ್ಥಧಾರಿ ಹೇಳಿದ್ದನ್ನು ಕೇಳಿಸಿಕೊಳ್ಳದೆ ಮನೆಯಲ್ಲಿ ಬರೆದು ತಂದಿದ್ದನ್ನು ಓದಿದರೆ ಹೇಗಿರುತ್ತೆ? ಹಾಗೆ.

ಇದಕ್ಕೆ ಎಲ್ಲರೂ ನೋಡಿರುವ ಸಾಕ್ಷಿ ಒಂದಿದೆ. 2004ರ ಇವೊ ಟೂರ್ನಮೆಂಟು, ಆಟ ಸ್ಟ್ರೀಟ್ ಫೈಟರ್ 3 ಥರ್ಡ್ ಸ್ಟ್ರೈಕ್. ಜಪಾನಿನ ಡೈಗೋ ಉಮೆಹಾರಾ ಕೆನ್ ಪಾತ್ರದಲ್ಲಿ, ಅಮೆರಿಕದ ಜಸ್ಟಿನ್ ವಾಂಗ್ ಚುನ್‌ಲೀ ಪಾತ್ರದಲ್ಲಿ. ಡೈಗೋಗೆ ಜೀವ ಕೂದಲೆಳೆಯಷ್ಟು ಉಳಿದಿತ್ತು. ಬ್ಲಾಕ್ ಮಾಡಿದರೂ ಸೋಲು, ಯಾಕಂದ್ರೆ ಸ್ಪೆಷಲ್ ಹೊಡೆತ ಬ್ಲಾಕ್ ಮಾಡಿದರೂ ಸ್ವಲ್ಪ ಜೀವ ಹೋಗುತ್ತೆ. ಜಸ್ಟಿನ್ ಸೂಪರ್ ಬಿಟ್ಟರು, ಸಾಲಾಗಿ 15 ಒದೆತ. ಡೈಗೋ ಹದಿನೈದನ್ನೂ ಪ್ಯಾರಿ ಮಾಡಿ, ತಿರುಗಿ ಹೊಡೆದು ಆ ರೌಂಡ್ ಗೆದ್ದರು. ಸಿಪಿಯುಗೆ ಈ ಕೆಲಸ ಹೇಳಿದರೆ ಬೆವರೂ ಬರಲ್ಲ. ಹದಿನೈದು ಸಲ ಸರಿಯಾದ ಫ್ರೇಮಿನಲ್ಲಿ ಮುಂದಕ್ಕೆ ಒತ್ತೋದು, ಒಂದು ಲೂಪ್, ಅಷ್ಟೆ. ಆದರೆ ಮೊದಲನೇ ಪ್ಯಾರಿಯನ್ನು ನೋಡಿಕೊಂಡು ಮಾಡೋಕೆ ಮನುಷ್ಯನಿಗೆ ಟೈಮೇ ಇರಲಿಲ್ಲ. 'ಇವರಿಗೆ ಈಗ ತಾಳ್ಮೆ ಮುಗೀತು, ಈಗ ಬಿಡ್ತಾರೆ' ಅಂತ ಎದುರಿನವರನ್ನು ಓದಿ ಮೊದಲೇ ಒತ್ತಬೇಕಿತ್ತು. ಇಪ್ಪತ್ತು ವರ್ಷ ಆದ ಮೇಲೂ ಜನ ಆ ವಿಡಿಯೋ ಮತ್ತೆ ಮತ್ತೆ ನೋಡೋದು ಆ ಓದಿಗಾಗಿ. ಆ ಟೂರ್ನಮೆಂಟನ್ನು ಕೊನೆಗೆ ಡೈಗೋ ಗೆಲ್ಲಲಿಲ್ಲ, ಅದು ಬೇರೆ ವಿಷಯ.

'ಅದೆಲ್ಲ ಹಳೇ ಕಾಲ, ಈಗ ಎಐ ಬಂದಿದೆ' ಅಂತ ಸಿಎಸ್‌ನವರು ಎದ್ದು ನಿಲ್ತಾರೆ. ನಿಲ್ಲಲಿ. 2017ರಲ್ಲಿ ಎಂಐಟಿಯ (ಮಣಿಪಾಲದ್ದಲ್ಲ, ಅಮೆರಿಕದ್ದು) ವ್ಲಾಡ್ ಫಿರೋಯು ಮತ್ತು ಜೊತೆಗಾರರು ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೇ ಆಟಕ್ಕೆ ಒಂದು ನ್ಯೂರಲ್ ನೆಟ್‌ವರ್ಕ್ ತಯಾರಿಸಿದರು. ತನ್ನ ಜೊತೆ ತಾನೇ ಆಡಿ ಆಡಿ ಕಲಿತು, ಒಳ್ಳೊಳ್ಳೆ ಪ್ರೊಫೆಷನಲ್ ಆಟಗಾರರನ್ನು ಸೋಲಿಸಿತು. ಆದರೆ ಅದರ ಪ್ರತಿಕ್ರಿಯೆಯ ವೇಗ ಕೇವಲ ಎರಡು ಫ್ರೇಮ್, ಪರದೆ ನೋಡುವ ಬದಲು ಮೆಮೊರಿಯನ್ನೇ ಓದುತ್ತಿತ್ತು. ಅಷ್ಟಾದರೂ ಒಬ್ಬ ಚಾಲಾಕಿ ಆಟಗಾರ ಅದರ ಬುಡ ಕಂಡುಹಿಡಿದ. ವೇದಿಕೆಯ ಅಂಚಿಗೆ ಹೋಗಿ ಸುಮ್ಮನೆ ಕುಕ್ಕರಗಾಲಲ್ಲಿ ಕೂತ, ಅಷ್ಟೆ. ನೆಟ್‌ವರ್ಕ್‌ಗೆ ಏನು ಮಾಡಬೇಕೋ ತೋಚಲಿಲ್ಲ. ಹೊಡೆಯೋಕೂ ಬರದೆ, ವಿಚಿತ್ರವಾಗಿ ಆಡಿ, ಕೊನೆಗೆ ಇನ್ನೊಂದು ತುದಿಯಿಂದ ತಾನೇ ಕೆಳಗೆ ಬಿತ್ತು. ಇದನ್ನು ಮಾಡಿದವರೇ ತಮ್ಮ ಪೇಪರಿನಲ್ಲಿ ಬರೆದುಕೊಂಡಿದ್ದಾರೆ, ಅವರ ಪ್ರಾಮಾಣಿಕತೆಗೆ ಒಂದು ಸಲಾಂ. ತನ್ನಂಥವನ ಜೊತೆಯೇ ಆಡಿ ಬೆಳೆದಿದ್ದಕ್ಕೆ, ಸುಮ್ಮನೆ ಕೂರುವ ಮನುಷ್ಯ ಎಂದೂ ಸಿಕ್ಕಿರಲಿಲ್ಲ.

ಬೇರೆ ದಾರಿಯಲ್ಲಿ ಹೋದವರೂ ಇದ್ದಾರೆ. 2001ರ ವರ್ಚುವಾ ಫೈಟರ್ 4ರಲ್ಲೇ ಸಿಪಿಯು ಪಾತ್ರಕ್ಕೆ ನಾವೇ ಆಡಿ ಕಲಿಸುವ ಮೋಡ್ ಇತ್ತು. 2024ರ ಟೆಕ್ಕೆನ್ 8ರ ಘೋಸ್ಟ್‌ಗಳು ಒಬ್ಬ ಆಟಗಾರನ ಚಾಳಿಗಳನ್ನು ನೋಡಿ ಅನುಕರಣೆ ಮಾಡುತ್ತವೆ. ಇದು ನಮಗೆ ಇಷ್ಟ. ನಿಮ್ಮದೇ ಘೋಸ್ಟ್ ಜೊತೆ ಆಡಿದರೆ 'ಅಯ್ಯೋ, ನಾನು ಬಿದ್ದು ಎದ್ದಾಗಲೆಲ್ಲ ಇದನ್ನೇ ಮಾಡ್ತೀನಾ' ಅಂತ ಹೊಟ್ಟೆ ಚುರುಕ್ ಅನ್ನುತ್ತೆ. ಆದರೂ ಅದು ನಿಮ್ಮ ನೆರಳು. ಎದುರಿನವರ ಎದೆ ಹೊಡ್ಕೊಳ್ಳೋದು ನೆರಳಿಗೆ ಕೇಳಿಸಲ್ಲ.

ಅತ್ಯಂತ ಸರಿಯಾಗಿ ಯೋಚಿಸಿದವರು ನಮ್ಮ ಪ್ರಕಾರ ಜಪಾನಿನ ರಿತ್ಸುಮೇಕನ್ ವಿಶ್ವವಿದ್ಯಾಲಯದ ಲ್ಯಾಬಿನವರು. ಫೈಟಿಂಗ್‌ಐಸ್ ಅನ್ನೋ ತಮ್ಮದೇ ಆಟದಲ್ಲಿ ಅವರು 2013ರಿಂದ ಎಐ ಸ್ಪರ್ಧೆ ನಡೆಸುತ್ತಾ ಬಂದಿದ್ದಾರೆ. ಅಲ್ಲಿ ಪ್ರೋಗ್ರಾಮಿಗೆ ಸಿಗೋ ಮಾಹಿತಿ 15 ಫ್ರೇಮ್ ಹಳೆಯದು. ಅಂದರೆ ಮೊದಲೇ ಹೇಳಿದ ಆ ಮನುಷ್ಯನ ಕಣ್ಣು-ಬೆರಳಿನ ತಡವನ್ನು ಬೇಕಂತಲೇ ಕಟ್ಟಿಹಾಕಿದ್ದಾರೆ. ಕಾಲು ಸೆಕೆಂಡು ಹಿಂದಿನದನ್ನು ನೋಡಿಕೊಂಡು ಈಗ ಏನಾಗುತ್ತಿರಬಹುದು ಅಂತ ಊಹಿಸಲೇಬೇಕು. ಊಹೆ ಬಂದ ಮೇಲೆ ತಪ್ಪು ಊಹೆಯೂ ಬರುತ್ತೆ, ಎದುರಾಳಿಯನ್ನು ಯಾಮಾರಿಸೋಕೆ ಜಾಗವೂ ಸಿಗುತ್ತೆ. ಪ್ರಾಜೆಕ್ಟ್ ಸಿನಾಪ್ಸಿಸ್ ಬರೆಯೋ ಸಮಯದಲ್ಲಿ 'ಸೋಲಿಸಲಾಗದ ಗೇಮ್ ಬಾಟ್' ಅಂತ ಬರೆಯೋ ಟೀಮುಗಳಿಗೆ ನಮ್ಮದೊಂದು ಬೇಡಿಕೆ: ಸೋಲಿಸಲಾಗದ್ದು ಬೇಡ. ತಡವಾಗಿ ನೋಡುವ, ಮೋಸ ಹೋಗುವ, ಒಮ್ಮೆ ಮೋಸ ಹೋದದ್ದನ್ನು ನೆನಪಿಟ್ಟುಕೊಳ್ಳುವ ಒಂದನ್ನು ಮಾಡಿ ತೋರಿಸಿ. ಅದಕ್ಕೆ ನಾವೇ ಬಂದು ಚಪ್ಪಾಳೆ ತಟ್ತೀವಿ.

ಸಿಪಿಯು ಪೂರ್ತಿ ವ್ಯರ್ಥ ಅಂತಲ್ಲ. ಬಟನ್ ಕಲಿಯೋಕೆ, ಕಾಂಬೋ ಕೈಗೆ ಕೂರಿಸೋಕೆ ಸಾಕು. ಅದಕ್ಕಿಂತ ಟ್ರೇನಿಂಗ್ ಮೋಡ್‌ನ ಗೊಂಬೆ ಒಳ್ಳೇದು. ಒಂದು ಹೊಡೆತ ರೆಕಾರ್ಡ್ ಮಾಡಿ ಇನ್ನೂರು ಸಲ ಬ್ಲಾಕ್ ಮಾಡಿ ತಿರುಗಿ ಹೊಡೆಯಬಹುದು. ಗೊಂಬೆ ತಾನು ಗೊಂಬೆ ಅಂತ ಒಪ್ಪಿಕೊಂಡಿರುತ್ತೆ.

ಆದರೆ ಇಷ್ಟು ಹೇಳಿ 'ಹೋಗಿ ಮನುಷ್ಯರ ಜೊತೆ ಆಡಿ' ಅಂದುಬಿಟ್ಟರೆ ಅನ್ಯಾಯ. ತುಂಬಾ ಜನ ಸಿಪಿಯು ಜೊತೆ ಆಡೋದು ಇಷ್ಟಪಟ್ಟು ಅಲ್ಲ, ಬೇರೆ ಯಾರೂ ಇಲ್ಲ ಅಂತ. ಹಾಸ್ಟೆಲ್ ಕಾಮನ್ ರೂಮಿನ ಎರಡು ಕಂಟ್ರೋಲರ್ ವರ್ಷಪೂರ್ತಿ ಅದೇ ಐದಾರು ಸೀನಿಯರ್ ಕೈಯಲ್ಲಿರುತ್ತೆ. ಡೇ ಸ್ಕಾಲರ್‌ಗಳಿಗೆ ಅದೂ ಇಲ್ಲ. ಹುಡುಗಿಯರು ಕೂತರೆ ಹಿಂದಿನಿಂದ ಹತ್ತು ಜನ ಸಲಹೆ ಕೊಡೋಕೆ ನಿಲ್ತಾರೆ, ಯಾರಿಗೆ ಬೇಕು ಆ ಕಾಟ? ಹೀಗೆ ಒಂಟಿಯಾಗಿ ಆಡಿ ಧೈರ್ಯ ಮಾಡಿ ಫೆಸ್ಟ್‌ಗೆ ಹೆಸರು ಕೊಟ್ಟರೆ, ನಾಕ್‌ಔಟ್. ಒಂದೇ ಸೋಲಿಗೆ ಮನೆ. ವರ್ಷಕ್ಕೊಮ್ಮೆ ಸಿಗುವ ಮನುಷ್ಯ ಎದುರಾಳಿ, ಅದೂ ಐದು ನಿಮಿಷ.

ಇವೊದಲ್ಲಿ ಹಾಗಿಲ್ಲ, ಎರಡು ಸಲ ಸೋತರೆ ಮಾತ್ರ ಔಟ್. ಒಮ್ಮೆ ಸೋತವರು ಲೂಸರ್ಸ್ ಬ್ರ್ಯಾಕೆಟ್‌ಗೆ ಹೋಗಿ ಆಟ ಮುಂದುವರಿಸ್ತಾರೆ. ಮೇಲೆ ಹೇಳಿದ ಡೈಗೋ-ಜಸ್ಟಿನ್ ಮ್ಯಾಚ್ ಕೂಡ ನಡೆದಿದ್ದು ಆ ಲೂಸರ್ಸ್ ಬ್ರ್ಯಾಕೆಟ್‌ನ ಫೈನಲ್‌ನಲ್ಲೇ. ನಾಕ್‌ಔಟ್ ಇದ್ದಿದ್ದರೆ ಅಂಥದ್ದೊಂದು ಮ್ಯಾಚೇ ನಡೆಯುತ್ತಿರಲಿಲ್ಲ.

ಈ ಸಲದ ಫೆಸ್ಟ್ ಕಮಿಟಿಯವರು ಇದನ್ನು ಓದುತ್ತಿದ್ದರೆ ಲೆಕ್ಕ ಹೀಗಿದೆ. 32 ಜನ ಇದ್ದರೆ ನಾಕ್‌ಔಟ್‌ಗೆ 31 ಮ್ಯಾಚ್ ಬೇಕು, ಎರಡು ಸೋಲಿನ ಪದ್ಧತಿಗೆ 62 ಅಥವಾ 63. ಎರಡು ಸೆಟಪ್ ಇಟ್ಟರೆ ಒಂದು ದಿನದಲ್ಲಿ ಆರಾಮಾಗಿ ಮುಗಿಯುತ್ತೆ. ಎರಡನೇ ಸೆಟಪ್‌ಗೆ ಮಾನಿಟರು, ಕಂಟ್ರೋಲರು ನಾವು ತರ್ತೀವಿ. ಫೆಸ್ಟ್‌ಗೆ ಮುಂಚಿನ ಎರಡು ವಾರ ಸಂಜೆ ಐದರಿಂದ ಏಳರವರೆಗೆ ಸೆಮಿನಾರ್ ಹಾಲ್ ಪಕ್ಕದ ಖಾಲಿ ರೂಮ್ ಕೊಡಿಸಿದರೆ, ಮೊದಲ ವರ್ಷದವರಿಗೆ ಮೊದಲ ಸರದಿ ಅಂತ ಬೋರ್ಡ್ ಬರೆದು ಹಾಕೋ ಕೆಲಸವೂ ನಮ್ಮದೇ.